ಕೂಡುವ ಸಾಲಿಗೆ ಕೆಂಪು ಗೆರೆ

“ಮತ್ತ ಕೆಂಪು ಗೆರಿ ಬಂದಾವಲ್ಲ,” ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ನೋಡಿದ ಅಂಬರೀಶ ಲ್ಯಾಪ್‌ಟಾಪಿಗೆ ಬೆರಳು ತೋರಿಸಿದ. “ಕೂಡಿಸಾಕ ಬರೂದಿಲ್ಲ ಅಂತ ಬರದೈತಿ.”

“ಬರತೈತ್ರಿ. ನಡಿಸಿ ತೋರ್ಸೇನಲ್ಲ, ಲೆಕ್ಕ ಸರಿ ಬಂತಿಲ್ಲೋ?”

ಶೈಲಾಳ ತಲೆ ಚಿಟ್ಟು ಹಿಡಿದಿತ್ತು. ಹಾನಗಲ್ಲಿನ ಮಾವಿನ ವ್ಯಾಪಾರಿ ಜಾಕೀರನಿಗಾಗಿ ಬರೆದ ಇದು ಅವಳ ಮೊದಲ ಪ್ರೋಗ್ರಾಂ. ಬುಟ್ಟಿ, ಕ್ರೇಟು, ಕ್ವಿಂಟಲು, ಒಂದೊಂದಕ್ಕೂ ಕೂಡುವ ಕಳೆಯುವ ರೀತಿಯನ್ನು ಕೈಯಿಂದ ಬರೆಯುತ್ತ ಕೂತಿರಲಿಲ್ಲ. ಪ್ರೋಗ್ರಾಂ ಶುರುವಾದೊಡನೆ ತಾನೇ ಅವನ್ನು ಹುಟ್ಟಿಸಿಕೊಳ್ಳುವಂತೆ ಮಾಡಿದ್ದಳು. ತಪ್ಪು ಹುಡುಕುವ ಚೆಕರ್ ಮಾತ್ರ ಬರೆದದ್ದನ್ನು ಓದುತ್ತಿತ್ತೇ ಹೊರತು ನಡೆಸಿ ನೋಡುತ್ತಿರಲಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದು ಸಾಲುಸಾಲಿಗೂ ಕೆಂಪು ಎಳೆದಿತ್ತು.

“ಉಣ್ಣದನ ಸಾರಿಗೆ ಉಪ್ಪಿಲ್ಲ ಅಂದಂಗ ಆತ್ರಿ ಇದು,” ಎಂದಳು.

ಅಷ್ಟರಲ್ಲಿ ಜಾಕೀರನ ಫೋನು. ಅಂಬರೀಶ ಎತ್ತಿಕೊಂಡ. “ಇನ್ನೂ ತಪ್ಪು ಅದಾವ ಜಾಕೀರಭಾಯ್. ನಮ್ಮಾಕಿ ತಿದ್ದಾಕತ್ತಾಳ.” ಆಮೇಲೆ ಅವಳ ಕಡೆ ತಿರುಗಿ, “ಸಂಜಿತನಕ ಆಗಲಿಲ್ಲಂದ್ರ ಬ್ಯಾರೇದವರಿಗೆ ಕೊಡ್ತಾನಂತ,” ಎಂದ.

ಶೈಲಾಳ ಮೈಯೆಲ್ಲ ಉರಿಯಿತು. ಕಟ್ಟಿಕೊಂಡ ಗಂಡನೇ ತನ್ನ ಮಾತು ಬಿಟ್ಟು ಯಂತ್ರದ ಮಾತು ನಂಬುತ್ತಾನಲ್ಲ ಎಂದು ಹಲ್ಲು ಕಚ್ಚಿ, ಪ್ರತಿ ಸಾಲಿನ ಕೊನೆಗೂ ‘ಇದನ್ನು ನೋಡಬೇಡ’ ಎಂದು ಚೆಕರಿಗೆ ಹೇಳುವ ಗುರುತು ಹಾಕಿದಳು. ಕೆಂಪೆಲ್ಲ ಮಾಯವಾಯಿತು.

“ಈಗ ಸರಿ ಆತು ನೋಡು. ಏನ್ ತಪ್ಪಾಗಿತ್ತು?”

“ಏನೂ ಆಗಿದ್ದಿಲ್ಲ. ಅದರ ಬಾಯಿ ಮುಚ್ಚಿಸೇನಿ, ಅಷ್ಟ.”

ಅವನೆಲ್ಲಿ ಕೇಳಿಸಿಕೊಂಡಾನು, ಆಗಲೇ ಜಾಕೀರನೊಡನೆ ಫೋನಿನಲ್ಲಿದ್ದ. “ನಾನ ಬಾಜೂಕ ಕುಂತು ತಪ್ಪೆಲ್ಲ ತೆಗಿಸೇನ್ರಿ.”

ಶೈಲಾ ಹಾಕಿದ ಗುರುತನ್ನೆಲ್ಲ ಅಳಿಸಿದಳು. ಕೆಂಪು ಮರಳಿ ಬಂತು. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, ಗಂಡನಿಗೆ ಒಂದು ಮಾತೂ ಹೇಳದೆ ಸ್ಕೂಟಿ ಹತ್ತಿ ಜಾಕೀರನ ಮಾವಿನ ಮಂಡಿಗೆ ಹೋದಳು.

“ಜಾಕೀರಣ್ಣ, ಈ ಕೆಂಪು ಇದ್ದಂಗ ಇರಲಿ. ನೀವು ಮಾಲು ಹೇಳ್ರಿ.”

ಜಾಕೀರ ಬೇಕೆಂತಲೇ ಬುಟ್ಟಿಗೆ ಕ್ರೇಟು ಸೇರಿಸಿ ಹೇಳಿದ, ಅದರಲ್ಲಿ ಕೊಳೆತದ್ದನ್ನು ಕಳೆ ಎಂದ. ಪರದೆಯ ಮೇಲೆ ಬಂದದ್ದನ್ನು ತನ್ನ ಬಾಯಿಲೆಕ್ಕದೊಡನೆ ತಾಳೆ ನೋಡಿದ. ಕೂಡಿತ್ತು. ಇನ್ನೊಂದು ಹೇಳಿದ. ಅದೂ ಕೂಡಿತ್ತು.

ಅವಳ ಫೋನು ಬಡಿದುಕೊಂಡಿತು. “ಎಲ್ಲಿ ಹೋದಿ? ಕೆಂಪು ಮತ್ತ ಬಂದಿಲ್ಲಲ್ಲ?” ಅಂಬರೀಶನ ದನಿ ಮಂಡಿಗೆಲ್ಲ ಕೇಳಿಸುವಷ್ಟಿತ್ತು. ಜಾಕೀರ ಕೈಚಾಚಿ ಫೋನು ಇಸಿದುಕೊಂಡ.

“ಅಂಬರೀಶ, ನೀ ತೆಗಿಸಿದ ತಪ್ಪು ಯಾವ್ವಪಾ?”

ಅಂಬರೀಶ ಫೋನು ಇಟ್ಟುಬಿಟ್ಟ. ಜಾಕೀರ ಗಲ್ಲಾಪೆಟ್ಟಿಗೆಯ ಹಿಂದಿನ ತನ್ನ ಕುರ್ಚಿ ಬಿಟ್ಟೆದ್ದ.

“ಇಲ್ಲಿ ಕುಂದ್ರು ತಂಗಿ,” ಎಂದ. ಹೊರಗೆ ಮಾವು ಹೇರಿಕೊಂಡ ಟೆಂಪೊ ಬಾಗಿಲಿಗೆ ಬೆನ್ನು ಮಾಡಿ ಹಿಂದಕ್ಕೆ ಸರಿಯುತ್ತಿತ್ತು.