ಕ್ಯೂ ಪಾಠ ಮೊದಲು ಬರಬೇಕಿತ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಾಗಿಲು ದಢಾರನೆ ಬಡಿದುಕೊಂಡ ಸದ್ದಿನಿಂದ ಶುರು ಮಾಡಿದರೆ ನೀವು ಬೆಚ್ಚಿ ತಲೆಯೆತ್ತುತ್ತೀರಿ, ಆಗ ನಾನು ನಿಮ್ಮ ಜುಟ್ಟು ಹಿಡಿದುಕೊಳ್ಳಬಹುದು. ಬಾಗಿಲು ಎಳೆದದ್ದಂತೂ ನಿಜ. ಎಳೆದವರು ಮೇಡಂ. ಬಿಬಿಎ ಓದುವವರಿಗೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಕಲಿಸುವವರು. ಅಂದರೆ, ಒಂದು ಕೆಲಸವನ್ನು ವೇಸ್ಟ್ ಇಲ್ಲದೆ, ಎಲ್ಲೂ ಸಿಕ್ಕಿಕೊಳ್ಳದೆ ಹೇಗೆ ನಡೆಸಬೇಕು ಅನ್ನುವುದನ್ನು ಕಲಿಸುವವರು. ಎಳೆದದ್ದು ಪ್ರಿನ್ಸಿಪಾಲರ ಕೋಣೆಯ ಬಾಗಿಲು. ಆದರೆ ಆ ಬಾಗಿಲ ನೆತ್ತಿಯ ಮೇಲೆ ಒಂದು ಕಬ್ಬಿಣದ ತೋಳು ಕೂರಿಸಿದ್ದಾರೆ. ನೀವು ಎಷ್ಟೇ ಸಿಟ್ಟಿನಿಂದ ಎಳೆಯಿರಿ, ಅದು ಉಸ್ಸೆಂದು ನಿಧಾನವಾಗಿ, ಮರ್ಯಾದಸ್ಥರಂತೆ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ದಢಾರ್ ಇಲ್ಲ. ಮೊದಲ ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು.

೨

ಡೌಟ್ಸ್ ಅಕ್ಕನಿಂದ ಶುರು ಮಾಡೋಣ. ಕಾಲೇಜಿನ ಮೆಟ್ಟಿಲ ಪಕ್ಕದ ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಸದಾ ತೆರೆದ ಬಾಗಿಲು. ಅಕ್ಕ ಗಣಿತದಲ್ಲಿ ಎಂಎಸ್ಸಿ. ಲೆಕ್ಕ ಅರ್ಥವಾಗದೆ ತಲೆ ಕೆಡಿಸಿಕೊಂಡವರು ಯಾವಾಗ ಬಂದರೂ ಹೇಳಿಕೊಡಬೇಕು, ಅದೇ ಅವರ ನೌಕರಿ. ಯಾರೂ ಬರದಾಗ ಪದಬಂಧ ಬಿಡಿಸುತ್ತಾರೆ, ಸೇಬು ಹೆಚ್ಚಿಕೊಂಡು ತಿನ್ನುತ್ತಾರೆ, ಕಿಟಕಿಯಾಚೆ ನೋಡುತ್ತಾರೆ. ಬಾಯಿ ಜೋರು. "ಅಕ್ಕ ಬೈತಾರೆ, ಆದ್ರೆ ಅರ್ಥ ಆಗೋ ಥರ ಬೈತಾರೆ" ಎಂದು ವಿದ್ಯಾರ್ಥಿಗಳ ಸರ್ಟಿಫಿಕೇಟು.

(ಅಕ್ಕನನ್ನು ಸ್ವಲ್ಪ ಪಾಪದವರನ್ನಾಗಿ ಮಾಡಿದರೆ ನಿಮ್ಮ ಕಣ್ಣು ಒದ್ದೆಯಾಗುತ್ತಿತ್ತೇನೋ. ಕೇಳಿ ನೋಡಿದೆ. "ನನ್ನ ಕೈಲಿ ಅಳ್ಸಿದ್ರೆ ನಿಮ್ಮ ಪೇಜೇ ಹರಿದು ಹಾಕ್ತೀನಿ" ಅಂದರು.)

೩

ಸಿಲೆಬಸ್ಸಿನ ಮೂರನೇ ಪಾಠ ‘ವೇಸ್ಟ್’. ಮೇಡಂ ಅದನ್ನು ಬೋರ್ಡಿನ ಮೇಲೆ ಕಲಿಸುವವರಲ್ಲ. ಬೆಂಚುಗಳನ್ನು ಸಾಲಾಗಿ ಜೋಡಿಸಿ, ಒಬ್ಬರು ಕಾಗದ ಕತ್ತರಿಸಿ, ಇನ್ನೊಬ್ಬರು ಮಡಚಿ, ಮತ್ತೊಬ್ಬರು ಗೋಂದು ಹಚ್ಚಿ ಲಕೋಟೆ ಮಾಡುವ ಕಾರ್ಖಾನೆಯನ್ನೇ ಕ್ಲಾಸಿನಲ್ಲಿ ತೆರೆಯುತ್ತಾರೆ. ಯಾರು ಕೈಕಟ್ಟಿ ಕೂತರು, ಎಲ್ಲಿ ರಾಶಿ ಬಿತ್ತು, ಎಲ್ಲರೂ ಕಣ್ಣಾರೆ ನೋಡುತ್ತಾರೆ. ಆಮೇಲೆ ಪ್ರಾಜೆಕ್ಟು: ಕಾಲೇಜಿನಲ್ಲಿ ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿ ಕೆಲಸ ಎಷ್ಟು, ವೇಸ್ಟ್ ಎಷ್ಟು, ಅಳೆದು ತನ್ನಿ.

ಒಂದು ಗುಂಪು ಕ್ಯಾಂಟೀನಿಗೆ ಹೋಯಿತು. ಇನ್ನೊಂದು ಗುಂಪಿನ ಲೀಡರ್ ಒಬ್ಬಳು ಚುರುಕು ಹುಡುಗಿ. ಅವತ್ತಿನಿಂದ ಅವಳ ಹೆಸರೇ ಸ್ಟಾಪ್‌ವಾಚ್. ನಿಜವಾದ ಸ್ಟಾಪ್‌ವಾಚನ್ನೇ ಕೊರಳಿಗೆ ಹಾಕಿಕೊಂಡು, ಡೌಟ್ಸ್ ಕೋಣೆಯ ಎದುರಿನ ಬೆಂಚಿನಲ್ಲಿ ವಾರವೆಲ್ಲಾ ಠಿಕಾಣಿ ಹೂಡಿದಳು. ಕೊನೆಗೆ ಪರದೆಯ ಮೇಲೆ ಒಂದು ದುಂಡನೆಯ ಚಿತ್ರ ಮೂಡಿತು. ಅದರಲ್ಲಿ ಬಹುಪಾಲು ಕೆಂಪು. ಕೆಂಪಿನ ಮೇಲೆ ಬರೆದಿತ್ತು: ‘ಸುಮ್ಮನೆ ಕೂತಿದ್ದು’.

ಮೇಡಂ ಫುಲ್ ಮಾರ್ಕ್ಸ್ ಕೊಟ್ಟು ಬೆನ್ನು ತಟ್ಟಿದರು. ಅವತ್ತು ಪ್ರಿನ್ಸಿಪಾಲರು ಫೋಟೋಗೆಂದು ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಫೋಟೋ ಆದಮೇಲೆ, "ಆ ಕೆಂಪು ಸ್ಲೈಡು ನನಗೊಂದು ಕಾಪಿ ಕಳ್ಸಿ" ಅಂದರು. ಸ್ವಲ್ಪ ದಿನದಲ್ಲೇ ಡೌಟ್ಸ್ ಕೋಣೆಗೆ ಬೀಗ ಬಿತ್ತು. ಸೆಮಿಸ್ಟರ್ ಮುಗಿದ ಮೇಲೆ ಬರುವುದು ಬೇಡ ಎಂದು ಅಕ್ಕನಿಗೆ ಹೇಳಿದರು. ಅಲ್ಲಿಯವರೆಗೆ ಆಫೀಸಿನಲ್ಲಿ ಹಾಲ್ ಟಿಕೆಟ್ಟಿಗೆ ಸೀಲು ಹೊಡೆಯುವ ಕೆಲಸ ಕೊಟ್ಟರು.

ಅಕ್ಕ ನೆಟ್ಟಗೆ ಸ್ಟಾಫ್ ರೂಮಿಗೆ ಬಂದರು.

"ಏನ್ ಮೇಡಂ, ನಾನು ಕೂತ್ಕೊಳ್ಳೋದನ್ನೂ ಅಳತೆ ಮಾಡ್ಸಿದ್ರಾ?"

"ಅದು ಮಕ್ಕಳ ಪ್ರಾಜೆಕ್ಟು ಅಷ್ಟೇ..."

"ಫುಲ್ ಮಾರ್ಕ್ಸ್ ಕೊಟ್ಟಿದ್ದೂ ಮಕ್ಕಳೇನಾ?"

ಮೇಡಂ ಮುಖಕ್ಕೆ ಹೊಡೆದ ಹಾಗಾಯಿತು. "ನಾನು ಮಾತಾಡ್ತೀನಿ. ನಿಮ್ಮ ಕೆಲಸ ಹೋಗೋಕೆ ಬಿಡಲ್ಲ."

"ಮಾತಾಡಿ. ಗ್ರಾಫ್ ಹಾಕ್ಕೊಂಡೇ ಮಾತಾಡಿ. ನಿಮ್ಮೋರಿಗೆ ಅದೊಂದೇ ಭಾಷೆ ತಿಳಿಯೋದು."

೪

(ಇಲ್ಲಿ ಸ್ವಲ್ಪ ಪಾಠ. ಆಕಳಿಸಬೇಡಿ, ಅಟೆಂಡೆನ್ಸ್ ತಗೋತೀನಿ.)

ಸಿಲೆಬಸ್ಸಿನ ಎಂಟನೇ ಪಾಠ ‘ಕ್ಯೂ’. ಯಾರು ಯಾವಾಗ ಬರುತ್ತಾರೋ ಗೊತ್ತಿಲ್ಲದ ಕಡೆ, ಕೆಲಸ ಮಾಡುವವರು ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯುವಂತೆ ಇಟ್ಟರೆ, ಬಾಗಿಲಲ್ಲಿ ನಿಂತವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಬಂದ ತಕ್ಷಣ ಒಳಗೆ ಹೋಗಬೇಕೆಂದರೆ ಒಳಗಿರುವವರು ಬಹಳ ಹೊತ್ತು ಸುಮ್ಮನೆ ಕೂತಿರಲೇಬೇಕು. ಬೆಂಕಿ ಆರಿಸುವವರು ದಿನವಿಡೀ ಬಿಜಿಯಾಗಿರುವ ಊರಿನಲ್ಲಿ ಮನೆ ಮಾಡುತ್ತೀರಾ ನೀವು? ಆ ಕೆಂಪು ಬಣ್ಣ ವೇಸ್ಟ್ ಆಗಿರಲಿಲ್ಲ. ತೆರೆದ ಬಾಗಿಲೆಂದರೆ ಅದೇ ಆಗಿತ್ತು.

ಮೇಡಂಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿತ್ತು, ಅಂಗೈ ರೇಖೆಯಷ್ಟು ಗೊತ್ತಿತ್ತು. ಆದರೆ ಮೂರನೇ ಪಾಠದ ಪ್ರಾಜೆಕ್ಟನ್ನು ಮೂರನೇ ಪಾಠದಂತೆಯೇ ತಿದ್ದಬೇಕು, ಎಂಟನೆಯದನ್ನು ಮಧ್ಯೆ ತರಬಾರದು ಅನ್ನುವುದು ಪಾಠ ಮಾಡುವವರಿಗೆ ಮಾತ್ರ ಅಂಟುವ ಕಾಯಿಲೆ.

"ನೀವೇ ತಾನೆ ಬರೀತಿರೋದು?" ಮೇಡಂ ನನ್ನ ಮೇಲೆ ಹರಿಹಾಯ್ದರು. "ಎಂಟನೇ ಪಾಠನ ತಂದು ಮೂರನೇದರ ಮುಂದೆ ಹಾಕಿ. ನಿಮಗೇನು ಗಂಟು ಹೋಗೋದು?"

ಸರಿ, ಹಾಕಿದೆ.

೩ (ಹೊಸದು)

ಕ್ಯೂ ಪಾಠ ಮೊದಲೇ ಮುಗಿದಿತ್ತು. ಪರದೆಯ ಮೇಲೆ ಅದೇ ದುಂಡನೆಯ ಚಿತ್ರ, ಈಗ ಬಹುಪಾಲು ಹಸಿರು. ಹಸಿರಿನ ಮೇಲೆ ಬರೆದಿತ್ತು: ‘ಸಿದ್ಧವಾಗಿ ಕೂತಿದ್ದು’. ಮೇಡಂ ಹಿಗ್ಗಿದರು. ಕೊನೆಯ ಬೆಂಚಿನಲ್ಲಿ ಪ್ರಿನ್ಸಿಪಾಲರು ಆಕಳಿಸಿ ವಾಚು ನೋಡಿಕೊಂಡರು. "ಇದು ಬೇಡ. ಆ ಕ್ಯಾಂಟೀನ್ ಗುಂಪಿನ ಸ್ಲೈಡು ಕಳ್ಸಿ. ಅಲ್ಲಿ ಪಾತ್ರೆ ತೊಳೆಯೋಕೆ ಇಬ್ಬರು ಹೆಂಗಸರು..."

"ನಿಲ್ಸಿ!" ಎಂದು ಮೇಡಂ ಕಿರುಚಿದರು. ನಿಲ್ಲಿಸಿದೆ. ಪ್ರಿನ್ಸಿಪಾಲರು ಯಾರಿಗಾದರೂ ಕತ್ತರಿ ಹಾಕಬೇಕೆಂದೇ ಬಂದಿದ್ದರು, ನಾನು ಪಾಠಗಳನ್ನು ಹಿಂದೆ ಮುಂದೆ ಮಾಡಿದರೆ ಕತ್ತರಿ ಹಿಂದೆ ಮುಂದೆ ಆಗುತ್ತದೆ ಅಷ್ಟೇ. ಮೇಡಂ ಹಲ್ಲು ಕಡಿದ ಸದ್ದು ನನಗೆ ಕಾಗದದ ಈಚೆಗೂ ಕೇಳಿಸಿತು.

೫

ಮೇಡಂ ಮನೆಗೆ ಹೋದರು. ಅಲ್ಲಿ ಅವರ ಅತ್ತೆ ದಿನವೆಲ್ಲಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಾರೆ. ಈಗ ಅತ್ತೆಯ ಬಾಯಲ್ಲಿ ಒಂದು ಬುದ್ಧಿಮಾತು ಹೇಳಿಸಬೇಕೆಂದು ನನ್ನ ಕೈ ತುರಿಸುತ್ತಿದೆ. ‘ನಾನು ಸುಮ್ಮನೆ ಕೂತಿರೋದಕ್ಕೇ ಅಲ್ವೇನೇ, ಸ್ಕೂಲಿಂದ ಬರೋ ಮೊಮ್ಮಗಳಿಗೆ ಬಾಗಿಲು ತೆರೆದಿರೋದು’ ಇತ್ಯಾದಿ. ಎಷ್ಟು ಸೊಗಸಾಗಿ ಕೂರುತ್ತದೆ ನೋಡಿ.

ಅತ್ತೆ ಟೀವಿಯಿಂದ ಕಣ್ಣು ಕೀಳದೆ ಅಂದರು: "ಹಾಲು ತಂದ್ಯೇನೇ?"

ತಂದಿರಲಿಲ್ಲ. ಮೇಡಂ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಟರು. ದಾರಿಯುದ್ದಕ್ಕೂ ಪ್ರಿನ್ಸಿಪಾಲರಿಗೆ ಏನು ಹೇಳಬೇಕೆಂದು ಗಟ್ಟಿಯಾಗಿಯೇ ಹೇಳಿಕೊಂಡು ಹೋದರು. ಎದುರು ಬಂದವರು ಪಕ್ಕಕ್ಕೆ ಸರಿದರು.

೬

ಮರುದಿನ ಅವರು ಗ್ರಾಫ್ ಸಮೇತ ಪ್ರಿನ್ಸಿಪಾಲರ ಎದುರು ಕೂತರು. ಅಡ್ಡಗೆರೆಯ ಉದ್ದಕ್ಕೂ ದುಡಿಮೆ, ಮೇಲ್ಮುಖವಾಗಿ ಕಾಯುವ ಹೊತ್ತು. ಬಿಡುವು ಇಲ್ಲವಾದ ಕಡೆ ಗೆರೆ ನೆಟ್ಟಗೆ ಆಕಾಶಕ್ಕೆ ಏರಿತ್ತು. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ನೋಡಿದರು, ನಿಜವಾಗಿಯೂ ನೋಡಿದರು.

"ವಂಡರ್‌ಫುಲ್ ಮೇಡಂ. ಇದನ್ನೊಂದು ಪೇಪರ್ ಮಾಡಿ ಕಾನ್ಫರೆನ್ಸಿಗೆ ಕಳ್ಸಿ. ಕಾಲೇಜಿಗೂ ಹೆಸರು."

"ಸರ್, ಅಕ್ಕನ ಕೆಲಸ?"

"ಅದು ನಿಮ್ಮ ಸ್ಟೂಡೆಂಟ್ಸೇ ಕಂಡುಹಿಡಿದಿದ್ದಲ್ವಾ? ನಾನು ಡೇಟಾ ನೋಡಿ ಡಿಸೈಡ್ ಮಾಡೋನು. ಇನ್ಮೇಲೆ ಡೌಟ್ಸು ಆಯಾ ಸಬ್ಜೆಕ್ಟಿನವರೇ ನೋಡ್ಕೊಳ್ಳಿ."

ಮೇಡಂಗೆ ಸಿಟ್ಟು ನೆತ್ತಿಗೇರಿತು. ಅವರ ವಿದ್ಯೆಯನ್ನೇ ಅವರ ಕೊರಳಿಗೆ ಸುತ್ತಿ ಶಾಲು ಹೊದಿಸಿದ ಹಾಗೆ ನಗುತ್ತಿದ್ದಾರಲ್ಲ ಈ ಮನುಷ್ಯ! ಎದ್ದರು, ಬಾಗಿಲು ಎಳೆದರು. ಉಸ್.

೭

ಅಂತ್ಯಗಳು. ಆರಿಸಿಕೊಳ್ಳಿ.

ಒಂದು: ಪ್ರಿನ್ಸಿಪಾಲರಿಗೆ ರಾತ್ರಿಯೆಲ್ಲಾ ನಿದ್ದೆ ಬರದೆ, ಬೆಳಗ್ಗೆ ತಾವೇ ಬೀಗ ತೆಗೆಯುತ್ತಾರೆ. (ನಗಬೇಡಿ. ಬರೆಯುವಾಗ ನನಗೂ ನಗು ಬಂತು.)

ಇನ್ನೊಂದು: ಮೇಡಂ ರಾಜೀನಾಮೆ ಬಿಸಾಕಿ ತಲೆಯೆತ್ತಿಕೊಂಡು ಗೇಟು ದಾಟುತ್ತಾರೆ. ಮೇಡಂ ಇದನ್ನು ಓದಿ ನನ್ನ ಪೆನ್ನು ಕಿತ್ತುಕೊಂಡರು. "ನಾನೂ ಹೋದ್ರೆ ಅವರಿಗೆ ಅದೂ ಉಳಿತಾಯ. ನಿಮಗೆ ಚೆಂದದ ಕೊನೆ ಬೇಕು ಅಂತ ನಾನ್ಯಾಕ್ರೀ ಮನೆಗೆ ಹೋಗ್ಲಿ? ಸ್ವಲ್ಪ ಬಾಯಿ ಮುಚ್ಕೊಂಡು ನೋಡ್ತಾ ಇರಿ."

ಬಾಯಿ ಮುಚ್ಚಿಕೊಂಡೆ.

೮

ಪರೀಕ್ಷೆಗೆ ಮುಂಚಿನ ವಾರ. ಡೌಟುಗಳೆಲ್ಲಾ ಒಟ್ಟಿಗೇ ಮೊಳೆಯುವ ಕಾಲ. ಮೇಡಂ ಡೌಟ್ಸ್ ಕೋಣೆಯ ಬೀಗ ತೆಗೆಸಿ ಮೇಜು, ಎರಡೂ ಕುರ್ಚಿ ಹೊರಗೆ ತಂದರು. ಎಳೆದುಕೊಂಡು ಹೋಗಿ ಪ್ರಿನ್ಸಿಪಾಲರ ಬಾಗಿಲ ಎದುರಿಗೇ ಹಾಕಿದರು. ಒಂದರಲ್ಲಿ ತಾವು ಕೂತರು. ಪಕ್ಕದ್ದು ಖಾಲಿ, ಅದರಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ.

ಡೌಟು ಕೇಳಲು ಒಬ್ಬ ಬಂದ, ಇಬ್ಬರು ಬಂದರು, ಆಮೇಲೆ ಕಾರಿಡಾರೇ ತುಂಬಿತು. ಮೇಡಂ ಒಬ್ಬೊಬ್ಬರಿಗೂ ಅಕ್ಕ ಹೇಳಿಕೊಡುತ್ತಿದ್ದಂತೆ ಬೈದು, ಅರ್ಥವಾಗುವ ತನಕ ಹೇಳಿ, ಮತ್ತೊಮ್ಮೆ ಮಾಡಿಸಿ ಕಳಿಸಿದರು. ಅವಸರವೇ ಇಲ್ಲ. ಸಾಲು ಮೆಟ್ಟಿಲಿಳಿಯಿತು, ಆಫೀಸನ್ನು ಬಳಸಿತು. ಆಫೀಸಿನ ಕಿಟಕಿಯಲ್ಲಿ ಸೀಲು ಹಿಡಿದ ಅಕ್ಕ ತಲೆ ಹೊರಗೆ ಹಾಕಿ, "ಏನ್ರೋ ಇದು, ಜಾತ್ರೆ?" ಎಂದು ಗದರಿದರು.

ಪ್ರಿನ್ಸಿಪಾಲರ ಬಾಗಿಲು ಅರ್ಧ ತೆರೆಯಿತು, ಮೇಜಿಗೆ ತಾಗಿ ನಿಂತಿತು. "ಮೇಡಂ, ಏನಿದು? ಬೇಗ ಬೇಗ ಮುಗ್ಸಿ ಕಳ್ಸಿ. ನಾನು ಹೊರಗೆ ಹೋಗ್ಬೇಕು."

"ನಿಮಗೂ ಡೌಟಿದ್ರೆ ಕ್ಯೂನಲ್ಲಿ ಬನ್ನಿ ಸರ್. ಎಂಟನೇ ಪಾಠ ನಡೀತಿದೆ." ಮೇಡಂ ತಲೆ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೇಳಿದೆ: ಆ ಖಾಲಿ ಕುರ್ಚಿಗೆ ಅಕ್ಕ ಬರುತ್ತಾರೋ ಇಲ್ಲವೋ? ಕಥೆ ಮುಗಿಸಬೇಕಲ್ಲ, ಅದೊಂದನ್ನಾದರೂ ಹೇಳಿ. ಮೇಡಂ ಕೆಂಪು ಪೆನ್ನಿನಿಂದ ಸಾಲಿನ ತುದಿ ತೋರಿಸಿದರು.

ಈಗ ನಾನು ಮೆಟ್ಟಿಲ ಕೆಳಗೆ ನಿಂತಿದ್ದೇನೆ. ನನ್ನ ಮುಂದೆ ಸ್ಟಾಪ್‌ವಾಚ್ ಹುಡುಗಿ. ಯಾರೂ ಹೇಳಿಲ್ಲ, ಮಾರ್ಕ್ಸೂ ಇಲ್ಲ, ಆದರೂ ಸಾಲಿನಲ್ಲಿರುವವರನ್ನೆಲ್ಲಾ ಕೇಳಿ ಕೇಳಿ ಅಳೆಯುತ್ತಿದ್ದಾಳೆ. ಅವಳ ಕಿವಿಗಳು ಕೆಂಪಾಗಿವೆ. ಯಾರ ಮೇಲಿನ ಸಿಟ್ಟೋ ನನಗೆ ತಿಳಿಯದು.

"ಸರ್, ನೀವು ಎಷ್ಟೊತ್ತಿಂದ ಕಾಯ್ತಿದೀರಿ?"

ಮೊದಲ ಪ್ಯಾರಾದಿಂದ ಅಂದೆ. ಬರೆದುಕೊಂಡಳು. ಆಮೇಲೆ ನನ್ನ ಭುಜದಾಚೆ ಇಣುಕಿ, "ಇವರು?" ಎಂದು ನಿಮ್ಮನ್ನು ತೋರಿಸಿದಳು.

ಸಾಲು ಕದಲುತ್ತಿಲ್ಲ. ದಯವಿಟ್ಟು ಹಿಂದಿನಿಂದ ತಳ್ಳಬೇಡಿ.