ಕರೆಂಟ್ ಹೋಗುವವರೆಗೆ

ಗಾಲಿ ಸರಿಮಾಡುವ ಮೊದಲೇ ಕೇಳಿಬಿಡುವುದೋ, ಆಮೇಲೋ? ಆಮೇಲೆ ಎಂದರೆ ಅವಳು ಹೊರಟುಬಿಡುತ್ತಾಳೆ. ಮೊದಲೇ ಕೇಳಿ, ಅವಳು ಒಲ್ಲೆ ಎಂದರೆ, ಅವಳ ಸೈಕಲ್ಲಿನ ಮುಂದೆ ಕೂತು ಮುಖ ಎಲ್ಲಿಟ್ಟುಕೊಳ್ಳುವುದು? 'ನನ್ನನ್ನು ಮದುವೆಯಾಗುತ್ತೀಯಾ.' ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡರೂ ಆ ಮಾತು ಮಲ್ಲಿನಾಥನಿಗೆ ತನ್ನದೆನಿಸಲಿಲ್ಲ.

ಅಕ್ಷತಾ ಕಾಲೇಜಿನಲ್ಲಿ ಅವನ ಜೊತೆ ಓದಿದವಳು. ಬೀಳಗಿಯ ಹೈಸ್ಕೂಲಿನಲ್ಲಿ ಆಟದ ಟೀಚರ್ ಕೆಲಸ ಸಿಕ್ಕಿತ್ತು. ನಾಳೆಯಿಂದ ಅಲ್ಲೇ ವಾಸ. ಮುಂದಿನ ಗಾಲಿ ಬಿಚ್ಚಿ ಜಮಖಂಡಿಯಿಂದ ಬಸ್ಸಿನಲ್ಲಿ ತಂದಾಗಿನಿಂದ ಅವಳ ಗೇರ್ ಸೈಕಲ್ ಸದ್ದು ಮಾಡುತ್ತಿತ್ತು.

"ಎಲ್ಲಿ ತಿಕ್ಕತೈತಿ?" ಅವನು ಕೂಗಿದ. ಮನೆಯೊಳಗೆ ಪವರ್‌ಲೂಮ್‌ಗಳು ಓಡುತ್ತಿದ್ದವು.

"ಏನಂದಿ?"

"ಎಲ್ಲಿ ತಿಕ್ಕತೈತಿ ಅಂತ!"

"ನಿಮ್ಮ ಓಣ್ಯಾಗ ದೇವ್ರಿಗೂ ಏನೂ ಕೇಳ್ಸೂದಿಲ್ಲ ಬಿಡಲೇ" ಎಂದು ನಕ್ಕಳು.

ಅವನ ತಾಯಿ ಇಂದ್ರವ್ವ ಮಗ್ಗದ ಬಳಿಯಿಂದಲೇ ತೀರ್ಪು ಕೊಟ್ಟಳು: "ನೂಲ ಸುತ್ಕೊಂಡಿರತೈತಿ. ಕಿತ್ತ ಒಗಿ!"

ಈ ಓಣಿಯಲ್ಲಿ ಫ್ಯಾನ್ ನಿಂತರೂ ಮಿಕ್ಸರ್ ನಿಂತರೂ ಮೊದಲು ಹುಡುಕುವುದು ನೂಲನ್ನೇ. ಮಲ್ಲಿನಾಥನೂ ಹಾಗೇ ಮಾಡಿದ. ಎಕ್ಸಲ್ಲಿನ ಬುಡದಲ್ಲಿ ಒಂದು ಕೆಂಪು ಎಳೆ ಇತ್ತು. ಸೂಜಿಯಿಂದ ಬಿಡಿಸಿ, ಗಾಲಿ ತಿರುಗಿಸಿ, ಗಾಲಿ ಹಿಡಿದ ಫೋರ್ಕಿನ ಮೇಲೆ ಬೆರಳಿಟ್ಟ. ಫೋರ್ಕಿನಲ್ಲಿ ಸಣ್ಣ ನಡುಕ ಹಾಗೇ ಇತ್ತು.

"ನೂಲಲ್ಲ. ಕರೆಂಟ್ ಹೋಗ್ಲಿ, ಮಗ್ಗ ನಿಂತ ಮ್ಯಾಲ ಸಪ್ಪಳ ಕೇಳಿ ನೋಡೂಣು."

"ಅಲ್ಲೀತನಾ?"

"ಕುಂದರು."

ಅವಳು ಕಟ್ಟೆಯ ಮೇಲೆ ಕುಳಿತಳು. ಚಿಮ್ಮಡದ ದಾರಿ ಹಿಡಿದು ಊರಾಚೆ ಹೋಗಿದ್ದರೆ ಸದ್ದು ಆಗಲೇ ಕೇಳಿಸುತ್ತಿತ್ತು. ಅವನು ಅದನ್ನು ಸೂಚಿಸಲಿಲ್ಲ.

ಇಂದ್ರವ್ವ ಚಹಾ ತಂದಳು. "ಬೀಳಗ್ಯಾಗ ಅಡಿಗಿ ಯಾರ ಮಾಡ್ತಾರ ನಿಂಗ?"

"ನಾನ ಮಾಡ್ಕೋತೀನ್ರಿ ಕಾಕು."

"ಹಂಗಾರ ವಾರದಾಗ ತಿರುಗಿ ಬರ್ತಿ ತೊಗೊ."

ಅಕ್ಷತಾ ಚಹಾ ಚೆಲ್ಲುವಷ್ಟು ನಕ್ಕಳು. ಮಲ್ಲಿನಾಥನಿಗೆ ನಗು ಬರಲಿಲ್ಲ.

ಕರೆಂಟ್ ಹೋಯಿತು. ಮನೆಯವು, ಎದುರಿನವರವು ಎನ್ನದೆ ಮಗ್ಗಗಳೆಲ್ಲ ನಿಂತವು. ಅವನು ಸೈಕಲ್ಲಿನ ಮುಂಭಾಗ ಎತ್ತಿ ಗಾಲಿ ತಿರುಗಿಸಿದ. ಸರ್ ಎಂದು ಒಂದೇ ಸಮ ಬಂತು ಸದ್ದು. ಬ್ರೇಕಿನ ಡಿಸ್ಕ್ ಡೊಂಕಾಗಿದ್ದರೆ ಸುತ್ತಿಗೊಮ್ಮೆ ಬರಬೇಕಿತ್ತು. ಕಿವಿ ಹತ್ತಿರ ತಂದ, ಅವಳೂ ಬಗ್ಗಿದಳು. ಬ್ರೇಕಿನ ಸಂದಿಯಲ್ಲಿ ಡಿಸ್ಕ್ ಒಂದು ಬದಿಯ ಪ್ಯಾಡಿಗೆ ತಾಗಿಕೊಂಡಿತ್ತು.

"ಗಾಲಿ ಹೆಂಗ ಹಾಕಿದಿ?"

"ಬಸ್‌ಸ್ಟ್ಯಾಂಡಿನ್ಯಾಗ, ಗ್ವಾಡಿಗೆ ವಾಲ್ಸಿ."

"ಅದೂ ವಾರಿ ಕುಂತೈತಿ. ನೆಟ್ಟಗ ಹಿಡಿ."

ಎರಡೂ ಗಾಲಿ ನೆಲಕ್ಕೂರುವಂತೆ ಅವಳು ಹಿಡಿದಳು. ಅವನು ಎಕ್ಸಲ್ಲಿನ ಲಿವರ್ ಸಡಿಲಿಸಿ ಹ್ಯಾಂಡಲ್ ಒತ್ತಿದ. ಎಕ್ಸಲ್ ಟಕ್ಕೆಂದು ಜಾಗಕ್ಕೆ ಕೂತಿತು. ಲಿವರ್ ಬಿಗಿದು ಮತ್ತೆ ತಿರುಗಿಸಿದ. ಗಾಲಿ ಸದ್ದಿಲ್ಲದೆ ತಿರುಗಿತು. ಅದು ನಿಲ್ಲುವವರೆಗೂ ಇಬ್ಬರೂ ನೋಡಿದರು. ಕರೆಂಟ್ ಇನ್ನೂ ಬಂದಿರಲಿಲ್ಲ; ಪಿಸುಗುಟ್ಟಿದರೂ ಕೇಳಿಸುತ್ತಿತ್ತು.

"ಆತಾ?"

"ಆತು."

"ಮತ್ತೇನರ ಐತೇನು ಮಲ್ಲೂ?"

"ಬ್ರೇಕ್ ಒಮ್ಮಿ ಹಿಡದ ನೋಡು."

ಹಿಡಿದು ನೋಡಿದಳು. ಅವನನ್ನೂ ನೋಡಿದಳು. "ಛಲೋ ಐತಿ" ಎಂದು ಸೈಕಲ್ ಹತ್ತಿ ಹೊರಟಳು.

ನನ್ನನ್ನು ಮದುವೆಯಾಗುತ್ತೀಯಾ ಎಂದು ಮಲ್ಲಿನಾಥ ಅವಳನ್ನು ಆ ದಿನ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.