ಹಳದಿ ಗೆರೆ

ಕ್ಲಚ್ ಬಿಟ್ಟು ಜೋರಾಗಿ ಹೊರಟರೆ ಸಾಕು, ಪಿಕಪ್ಪಿನ ಹಿಂದಿನ ಚಕ್ರಗಳು ಕಪ್ಪೆಯಂತೆ ಕುಪ್ಪಳಿಸುತ್ತಿದ್ದವು. ಎರಡು ಗ್ಯಾರೇಜುಗಳಲ್ಲಿ ಶಾಕ್ ಅಬ್ಸಾರ್ಬರ್ ಬದಲಾಯಿಸಿದರೂ ಅದು ನಿಲ್ಲದೆ, ಭಾವ ಕೊನೆಗೆ ಗಾಡಿಯನ್ನು ಮೆಕ್ಯಾನಿಕ್ ಭಾಮೈದನ ಬಳಿಗೇ ತಂದಿದ್ದ.

ಭಾಮೈದ ಗಾಡಿಯಡಿ ನುಸುಳಿದ. ಸ್ಪ್ರಿಂಗ್ ಪಟ್ಟಿಗಳನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟಿನ ನಟ್ಟು ಬರಿಗೈಗೇ ತಿರುಗಿತು. ಅವನ ಪಿತ್ತ ನೆತ್ತಿಗೇರಿತು.

"ಯಾವ ಕೆಲಸಗೇಡಿ ಬಿಗಿ ಮಾಡಿದ್ದು ಇದನ್ನ? ಅವನ ಕೈಗಿಷ್ಟು ಬೆಂಕಿ ಹಾಕ! ನಾನಾದ್ರೆ ನಟ್ಟು ಬಿಗಿ ಮಾಡಿ, ಬಿಗಿ ಆಯ್ತು ಅನ್ನೋ ಗುರುತಿಗೆ ಮೇಲೊಂದು ಹಳದಿ ಗೆರೆ ಎಳೆದೇ ಕೈ ತೊಳ್ಕೊಳ್ಳೋದು!"

ಸಿಟ್ಟಿನಲ್ಲೇ ಬಟ್ಟೆಯಿಂದ ಕೆಸರು ಒರೆಸಿದ. ನಟ್ಟಿನ ಮೇಲೆ, ಹೋದ ವರ್ಷ ಪಟ್ಟಿ ಬದಲಿಸಿದಾಗ ತಾನೇ ಎಳೆದಿದ್ದ ಹಳದಿ ಗೆರೆ ಕಾಣಿಸಿತು.

ಬಗ್ಗಿ ನೋಡುತ್ತಿದ್ದ ಭಾವ ಸ್ಪ್ಯಾನರ್ ಚಾಚಿದ.

"ತಗೋ. ಈ ಸಲ ಮೊದಲು ಬಿಗಿ ಮಾಡು. ಗೆರೆ ಆಮೇಲೆ ಎಳೀವಂತೆ."